ದಂಡದ ರಸೀದಿಯಲ್ಲಿ ಕಾಣದ ರಸ್ತೆ ನಿಯಮಗಳು

ಭಾರತದಲ್ಲಿ ರಸ್ತೆ ಸಂಚಾರಕ್ಕೆ ಮೂಲ ಶಾಸನವಾಗಿರುವ 1988ರ ಮೋಟಾರು ವಾಹನಗಳ ಕಾಯ್ದೆಗೆ 2019ರಲ್ಲಿ ವ್ಯಾಪಕ ತಿದ್ದುಪಡಿಯಾಗಿ, ಆ ವರ್ಷದ ಸೆಪ್ಟೆಂಬರ್ 1ರಿಂದ ಹೊಸ ದಂಡಗಳು ಜಾರಿಗೆ ಬಂದಾಗ, ಸಾರ್ವಜನಿಕ ಚರ್ಚೆಯೆಲ್ಲ ಹೆಲ್ಮೆಟ್, ಸೀಟ್ ಬೆಲ್ಟ್ ಹಾಗೂ ಕುಡಿದು ವಾಹನ ಚಲಾಯಿಸುವುದರ ಸುತ್ತಲೇ ನಡೆಯಿತು. ಇವು ವೃತ್ತಗಳಲ್ಲಿ ಪೊಲೀಸರು ತಡೆದು ನಿಲ್ಲಿಸಿ ದಂಡ ಹಾಕುವ ತಪ್ಪುಗಳಾದ್ದರಿಂದ ಎಲ್ಲರಿಗೂ ಪರಿಚಿತ. ಆದರೆ ಅಪಘಾತವೊಂದು ನಡೆದುಹೋದ ಮೇಲಷ್ಟೇ ಮುಖ್ಯವಾಗುವ, ಅಲ್ಲಿಯತನಕ ಯಾರ ಗಮನಕ್ಕೂ ಬಾರದ ಹಲವು ಕಲಮುಗಳು ಅದೇ ಕಾಯ್ದೆಯಲ್ಲಿವೆ. ಅವುಗಳ ಅರಿವಿಲ್ಲದವರು ಕೆಲವೊಮ್ಮೆ ಕಳೆದುಕೊಳ್ಳುವುದು ಐನೂರು, ಸಾವಿರ ರೂಪಾಯಿಯನ್ನಲ್ಲ, ಮನೆ ಜಮೀನನ್ನು; ಇನ್ನು ಕೆಲವೊಮ್ಮೆ ಉಳಿಸಬಹುದಾಗಿದ್ದ ಜೀವವೇ ಹೋಗಿಬಿಡುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸಾವಿಗೀಡಾದರು ಎಂಬುದನ್ನು ನೆನೆದರೆ ಈ ಅಜ್ಞಾನದ ಬೆಲೆ ಎಷ್ಟೆಂದು ಊಹಿಸಬಹುದು.

ಅಪಘಾತ ಮಾಡಿದ ಚಾಲಕನ ಕರ್ತವ್ಯವನ್ನು ಹೇಳುವುದು ಕಾಯ್ದೆಯ 134ನೇ ಕಲಂ. ಗಾಯಾಳುವಿಗೆ ವೈದ್ಯಕೀಯ ನೆರವು ದೊರಕಿಸಲು ಸಾಧ್ಯವಿರುವ ಎಲ್ಲವನ್ನೂ ಚಾಲಕನು ಮಾಡಬೇಕು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಗಳೊಳಗೆ, ಹತ್ತಿರದ ಠಾಣೆಗೆ ನಡೆದುದನ್ನು ತಿಳಿಸಬೇಕು, ವಿಮಾ ಕಂಪನಿಗೂ ಲಿಖಿತವಾಗಿ ಮಾಹಿತಿ ಕೊಡಬೇಕು. ಸುತ್ತ ಸೇರುವ ಜನ ಹೊಡೆಯುತ್ತಾರೆಂಬ ಭಯದಿಂದ ಅನೇಕ ಚಾಲಕರು ಓಡಿಹೋಗುವುದುಂಟು. ಆ ಭಯವನ್ನು ಕಾಯ್ದೆಯೂ ಬಲ್ಲದು. ಗುಂಪಿನ ಆಕ್ರೋಶದಿಂದಾಗಿ ನೆರವಾಗುವುದು ಸಾಧ್ಯವೇ ಇಲ್ಲದಿದ್ದರೆ ಚಾಲಕನಿಗೆ ಆ ಮೊದಲ ಕರ್ತವ್ಯದಿಂದ ವಿನಾಯಿತಿ ಉಂಟು, ಆದರೆ ಠಾಣೆಗೆ ತಿಳಿಸುವುದರಿಂದ ಇಲ್ಲ. ಹೀಗಾಗಿ ಸ್ಥಳದಿಂದ ಜೀವ ಉಳಿಸಿಕೊಂಡು ಸರಿದವನು ನೇರವಾಗಿ ಠಾಣೆಗೆ ಹೋಗುವುದೇ ಕಾನೂನು ತೋರುವ ದಾರಿಯಾಗಿದ್ದು, ಅದನ್ನು ಮೀರಿದವರಿಗೆ 187ನೇ ಕಲಮಿನಡಿ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಅಪಘಾತವನ್ನು ಕಂಡವರ ಸ್ಥಿತಿ ಇದಕ್ಕಿಂತ ಗಂಭೀರವಾಗಿ ಯೋಚಿಸಬೇಕಾದ ವಿಷಯ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸರ ವಿಚಾರಣೆ, ಕೋರ್ಟಿನ ಅಲೆದಾಟ, ಆಸ್ಪತ್ರೆಯ ಬಿಲ್ಲು ಎಲ್ಲವೂ ತಮ್ಮ ತಲೆಗೇ ಬರುತ್ತದೆಂದು ಅಂಜಿ, ಒಳ್ಳೆಯ ಮನಸ್ಸಿನವರೂ ಕಂಡೂ ಕಾಣದಂತೆ ಮುಂದೆ ಸಾಗುತ್ತಾರೆ. ಒಂದು ಕಾಲಕ್ಕೆ ಈ ಅಂಜಿಕೆಗೆ ಕಾರಣವಿತ್ತು, ಈಗ ಇಲ್ಲ. ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಈ ಕುರಿತ ಕೇಂದ್ರದ ಮಾರ್ಗಸೂಚಿಗಳಿಗೆ ಬಲ ನೀಡಿತು, ಕರ್ನಾಟಕವು ಅದೇ ವರ್ಷ ತನ್ನದೇ ಪ್ರತ್ಯೇಕ ಕಾಯ್ದೆಯನ್ನು ರೂಪಿಸಿತು, 2019ರ ತಿದ್ದುಪಡಿಯು 134-ಎ ಎಂಬ ಹೊಸ ಕಲಮನ್ನು ಸೇರಿಸಿ ಈ ರಕ್ಷಣೆಯನ್ನು ಇಡೀ ದೇಶಕ್ಕೆ ಅನ್ವಯಿಸಿತು. ಪ್ರತಿಫಲ ಬಯಸದೆ, ಸದ್ಭಾವನೆಯಿಂದ, ತಾನಾಗಿಯೇ ಮುಂದೆ ಬಂದು ಗಾಯಾಳುವಿಗೆ ನೆರವಾಗುವವನನ್ನು ಈ ಕಾನೂನು ‘ಗುಡ್ ಸಮರಿಟನ್’ ಎಂದು ಗುರುತಿಸುತ್ತದೆ. ಅಂಥವನು ತನ್ನ ಹೆಸರು, ವಿಳಾಸ ಹೇಳಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವಂತೆ ಬಲವಂತ ಮಾಡುವಂತಿಲ್ಲ. ಅವನೇ ಒಪ್ಪಿ ಸಾಕ್ಷಿಯಾದರೂ ಅವನಿಗೆ ಅನುಕೂಲವಾದ ಸಮಯ ಮತ್ತು ಸ್ಥಳದಲ್ಲಿಯೇ ಹೇಳಿಕೆ ಪಡೆಯಬೇಕು. ನೆರವಾಗುವ ಭರದಲ್ಲಿ ಗಾಯಾಳುವನ್ನು ಎತ್ತುವಾಗ ತಿಳಿಯದೆ ಹಾನಿಯಾದರೂ ಅವನ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ನಿಲ್ಲುವುದಿಲ್ಲ. ಈ ಹಕ್ಕುಗಳ ಫಲಕವನ್ನು ಆಸ್ಪತ್ರೆಗಳು ಸ್ಥಳೀಯ ಭಾಷೆಯಲ್ಲಿಯೂ ಪ್ರವೇಶದ್ವಾರದ ಬಳಿ ಹಾಕಬೇಕೆಂದು 2020ರ ನಿಯಮಗಳು ಹೇಳುತ್ತವೆ. ಎದ್ದುಕಾಣುವ ಕಡೆ, ದೊಡ್ಡ ಕನ್ನಡ ಅಕ್ಷರಗಳಲ್ಲಿ ಆ ಫಲಕವಿರಬೇಕಾದುದು ಅತ್ಯಗತ್ಯ, ಏಕೆಂದರೆ ಜನರ ಹಿಂಜರಿಕೆಯನ್ನು ಕಳೆಯಲು ಅದಕ್ಕಿಂತ ಸುಲಭದ ಉಪಾಯವಿಲ್ಲ.

ಗಾಯಗೊಂಡ ಬಳಿಕದ ಮೊದಲ ಒಂದು ಗಂಟೆಯನ್ನು, ತಕ್ಷಣದ ಚಿಕಿತ್ಸೆಯಿಂದ ಜೀವ ಉಳಿಯುವ ಸಾಧ್ಯತೆ ಅತಿ ಹೆಚ್ಚಾಗಿರುವ ಅವಧಿಯಾದ್ದರಿಂದ, ಕಾಯ್ದೆಯು ‘ಗೋಲ್ಡನ್ ಅವರ್’ ಎಂದು ವ್ಯಾಖ್ಯಾನಿಸಿದೆ. ಗಾಯಾಳುವಿಗೆ 7 ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದಿದೆ. ಡಿಕ್ಕಿ ಹೊಡೆದ ವಾಹನ ಪತ್ತೆಯೇ ಆಗದ ಪ್ರಕರಣಗಳಲ್ಲಿ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮತ್ತೊಂದು ಯೋಜನೆಯಂತೆ, ಮೃತರ ಕುಟುಂಬಕ್ಕೆ 2 ಲಕ್ಷ ಹಾಗೂ ತೀವ್ರವಾಗಿ ಗಾಯಗೊಂಡವರಿಗೆ 50,000 ರೂಪಾಯಿ ಪರಿಹಾರ ಸಿಗುತ್ತದೆ. ವಾಹನ ಸಿಗಲಿಲ್ಲವೆಂದು ಕೈಚೆಲ್ಲಿ ಕೂರುವ ಬಡ ಕುಟುಂಬಗಳಿಗೆ ಈ ಮಾತನ್ನು ತಿಳಿದವರು ಹೇಳಬೇಕು.

ಹಳೆಯ ವಾಹನ ಮಾರುವವರಲ್ಲಿ ಬಹುಮಂದಿಗೆ ತಿಳಿಯದ ಅಪಾಯ ಇನ್ನೊಂದಿದೆ. ಹಣ ಕೈಗೆ ಬಂದು, ಕೀಲಿಕೈ ಕೊಟ್ಟು, ಖಾಲಿ ಫಾರಂಗಳಿಗೆ ಸಹಿ ಹಾಕಿಕೊಟ್ಟರೆ ವ್ಯವಹಾರ ಮುಗಿಯಿತೆಂಬುದು ಸಾಮಾನ್ಯ ನಂಬಿಕೆ. ಆದರೆ ಕಾಯ್ದೆಯ ದೃಷ್ಟಿಯಲ್ಲಿ ಮಾಲೀಕನೆಂದರೆ ನೋಂದಣಿ ಪತ್ರದಲ್ಲಿ, ಅಂದರೆ ಆರ್.ಸಿ.ಯಲ್ಲಿ, ಯಾರ ಹೆಸರಿದೆಯೋ ಅವರು. ವಾಹನ ಹಲವು ಕೈ ಬದಲಾದ ನಂತರ ನಡೆದ ಅಪಘಾತವೊಂದರಲ್ಲಿ, ದಾಖಲೆಯಲ್ಲಿ ಇನ್ನೂ ಮೊದಲಿನ ಮಾಲೀಕನ ಹೆಸರೇ ಉಳಿದಿದ್ದುದರಿಂದ ಪರಿಹಾರ ಕೊಡುವ ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. ಕೊಂಡವನು ವಿಮೆಯನ್ನು ನವೀಕರಿಸಿರದಿದ್ದರೆ ಲಕ್ಷಾಂತರ ರೂಪಾಯಿಯ ಪರಿಹಾರ ಮಾರಿದವನ ಆಸ್ತಿಯಿಂದಲೇ ವಸೂಲಾಗಬಹುದು. ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ವರದಿ ಮಾಡಬೇಕೆಂದು 50ನೇ ಕಲಂ ವಿಧಿಸುವುದು ಈ ಕಾರಣಕ್ಕೇ. ಹೆಸರು ಬದಲಾವಣೆಯನ್ನು ಕೊಂಡವನ ಔದಾರ್ಯಕ್ಕೆ ಬಿಡದೆ, ಫಾರಂ 29 ಮತ್ತು 30ನ್ನು ಮಾರಿದವನೇ ಮುಂದೆ ನಿಂತು ಸಲ್ಲಿಸಿ ಸ್ವೀಕೃತಿ ಪಡೆಯುವುದು ವಿವೇಕ.

ಮಕ್ಕಳ ಕೈಗೆ ವಾಹನ ಕೊಡುವವರ ವಿಷಯದಲ್ಲಿ ಕಾಯ್ದೆ ತೀರ ಕಠಿಣವಾಗಿದೆ, ಹಾಗಿರುವುದು ನ್ಯಾಯವೂ ಹೌದು. ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧವೆಸಗಿದರೆ 199-ಎ ಕಲಮಿನಂತೆ ಪೋಷಕರು ಅಥವಾ ವಾಹನದ ಮಾಲೀಕರನ್ನೇ ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ. ತಮಗೆ ತಿಳಿಯದಂತೆ ಇದು ನಡೆಯಿತು ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವು ಎಂಬುದನ್ನು ಅವರೇ ರುಜುವಾತುಪಡಿಸಬೇಕು. ಶಿಕ್ಷೆ 3 ವರ್ಷಗಳವರೆಗೆ ಜೈಲು ಹಾಗೂ 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಬ್ಯಾಟರಿ ಸ್ಕೂಟರಿಗೆ ಲೈಸೆನ್ಸ್ ಬೇಡವೆಂದು ನಂಬಿ ಪ್ರೌಢಶಾಲೆಯ ಮಕ್ಕಳಿಗೆ ಅದನ್ನು ಕೊಡಿಸುವ ಪೋಷಕರು ಒಂದು ಮಾತನ್ನು ಗಮನಿಸಬೇಕು: ವಿನಾಯಿತಿ ಇರುವುದು 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ವೇಗವನ್ನು ಮುಟ್ಟದ, ಮಾನ್ಯತೆ ಪಡೆದ ಮಾದರಿಗಳಿಗೆ ಮಾತ್ರ. ಅದನ್ನು ಮೀರಿದ ಪ್ರತಿಯೊಂದು ವಿದ್ಯುತ್ ಸ್ಕೂಟರೂ ಪೆಟ್ರೋಲ್ ಸ್ಕೂಟರಿನಂತೆಯೇ ಮೋಟಾರು ವಾಹನ. ನೋಂದಣಿ, ವಿಮೆ, ಲೈಸೆನ್ಸ್ ಮೂರೂ ಬೇಕು.

ಇನ್ನು ಕೆಲವು ನಿಯಮಗಳನ್ನು ಸಂಕ್ಷೇಪವಾಗಿ ಹೇಳಬಹುದು. ಆಂಬುಲೆನ್ಸ್ ಅಥವಾ ಅಗ್ನಿಶಾಮಕ ವಾಹನಕ್ಕೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡವನ್ನೋ 6 ತಿಂಗಳವರೆಗೆ ಜೈಲನ್ನೋ ಎರಡನ್ನೂ ಒಟ್ಟಿಗೋ ವಿಧಿಸಬಹುದು. ಅನಗತ್ಯವಾಗಿ ಹಾರ್ನ್ ಮಾಡುವುದಕ್ಕೆ 194-ಎಫ್ ಕಲಮಿನಡಿ 1,000 ರೂಪಾಯಿ, ಮತ್ತೆ ಮಾಡಿದರೆ 2,000 ರೂಪಾಯಿ ದಂಡವಿದೆ. ಕಾರಿನ ಹಿಂದಿನ ಸೀಟಿನಲ್ಲಿ ಮುಂದಕ್ಕೆ ಮುಖಮಾಡಿ ಕುಳಿತವರಿಗೂ ಬೆಲ್ಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡರೆ ಅದಕ್ಕೆ ಹೆಲ್ಮೆಟ್ ಹಾಕಿ, ಸವಾರನ ದೇಹಕ್ಕೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ ತೊಡಿಸಿ, ಗಂಟೆಗೆ 40 ಕಿಲೋಮೀಟರ್ ಮೀರದಂತೆ ಓಡಿಸಬೇಕೆಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಎರಡು ವಾಹನಗಳು ಒಟ್ಟಿಗೆ ಸಾಗಲಾರದಷ್ಟು ದಾರಿ ಕಿರಿದಾಗಿರುವ ಕಡೆ, ಇಳಿಯುವ ವಾಹನವು ನಿಂತು ಏರುವ ವಾಹನಕ್ಕೆ ಮೊದಲು ದಾರಿ ಬಿಡಬೇಕು. ಏರಿನಲ್ಲಿ ಒಮ್ಮೆ ನಿಂತ ಭಾರದ ಲಾರಿ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೆ ಜಾರುವ ಅಪಾಯವೂ ಉಂಟು.

ದಂಡ ವಸೂಲಿಗೂ ಮಿತಿಗಳಿವೆ. ಸ್ಥಳದಲ್ಲಿ ಕಟ್ಟುವ ಹಣ ನ್ಯಾಯಾಲಯಕ್ಕೆ ಹೋಗದೆ ಪ್ರಕರಣವನ್ನು ಮುಗಿಸಿಕೊಳ್ಳುವ ರಾಜಿ ದಂಡವಾಗಿದ್ದು, ಅದರ ಮೊತ್ತವನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ಕೇಂದ್ರ ಕಾಯ್ದೆಯಲ್ಲಿ 1,000 ರೂಪಾಯಿ ಇರುವ ಹೆಲ್ಮೆಟ್ ದಂಡವನ್ನು ಕರ್ನಾಟಕ 2019ರಲ್ಲಿ 500ಕ್ಕೆ ಇಳಿಸಿದ್ದು ಹೀಗೆಯೇ. ತಪ್ಪನ್ನು ಒಪ್ಪದವರಿಗೆ ನ್ಯಾಯಾಲಯದಲ್ಲಿ ವಾದಿಸುವ ಹಕ್ಕಿದೆ. ಕ್ಯಾಮೆರಾ ದಾಖಲಿಸಿದ ಉಲ್ಲಂಘನೆಯಾದರೆ 15 ದಿನಗಳೊಳಗೆ ನೋಟಿಸ್ ಕಳುಹಿಸಬೇಕೆಂದು 2021ರ ನಿಯಮ ಹೇಳುತ್ತದೆ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿರುವ ದಾಖಲೆಗಳು ಮೂಲ ಪ್ರತಿಗೆ ಸಮ.

ಕಾಯ್ದೆ ಸವಾರನನ್ನಷ್ಟೇ ಹೊಣೆಗಾರನನ್ನಾಗಿ ಮಾಡಿಲ್ಲವೆಂಬುದು ಎಲ್ಲಕ್ಕಿಂತ ಕಡಿಮೆ ತಿಳಿದಿರುವ ಸಂಗತಿ. ಕಾಯ್ದೆಯನ್ನು ಜಾರಿಗೊಳಿಸುವ ಅಧಿಕಾರಿಯೇ ಅದನ್ನು ಮುರಿದರೆ 210-ಬಿ ಕಲಮಿನಡಿ ದಂಡ ಎರಡು ಪಟ್ಟು. ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆ ನಿಗದಿತ ಮಾನದಂಡದಂತೆ ಇಲ್ಲದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ, ಅದಕ್ಕೆ ಹೊಣೆಯಾದ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ ಅಥವಾ ಸಲಹೆಗಾರನಿಗೆ 198-ಎ ಕಲಂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ರೂಪಿಸಿದ ಮಾನದಂಡದಂತೆ ರಸ್ತೆಯುಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇದ್ದು ನಯವಾಗಿ ಬಾಗಿರಬೇಕು. ಬಣ್ಣವಿಲ್ಲದೆ, ಎಚ್ಚರಿಕೆಯ ಫಲಕವಿಲ್ಲದೆ, ಗೋಡೆಯಂತೆ ಎದ್ದುನಿಂತ ಉಬ್ಬುಗಳು ನಮ್ಮ ಊರೂರಿನಲ್ಲೂ ಇವೆ. ಅಂಥ ಉಬ್ಬು, ತೆರೆದ ಗುಂಡಿಗಳಲ್ಲಿ ಜೀವ ಕಳೆದುಕೊಂಡವರ ಕುಟುಂಬದವರು ದೂರು ಕೊಡುವಾಗ 198-ಎ ಕಲಮನ್ನು ಹೆಸರಿಸಿ ಬರೆಯಬೇಕು, ಠಾಣೆಯವರು ಅದನ್ನು ದಾಖಲಿಸಬೇಕು.