ಹುಲ್ಲು ಮತ್ತು ಹದ

ನಮ್ಮ ಒಕ್ಕಲಿಗರ ಮಾತಿನಲ್ಲಿ ‘ಹದ’ ಎಂಬುದೊಂದು ಶಬ್ದವುಂಟು. ಮಳೆ ಬಂದಿತೇ ಎಂದು ಕೇಳಿದರೆ, ‘ಬಂತು, ಆದರೆ ಹದವಾಗಲಿಲ್ಲ’ ಎನ್ನುತ್ತಾರೆ. ಎಷ್ಟು ಸುರಿಯಿತು ಎಂಬುದಕ್ಕಿಂತ ನೆಲ ಎಷ್ಟನ್ನು ಉಂಡಿತು, ಆ ತೇವ ಎಷ್ಟು ದಿನ ನಿಂತಿತು ಎಂಬುದು ಅವರಿಗೆ ಮುಖ್ಯ. ಮಳೆಮಾಪಕದ ಅಂಕಿಯಲ್ಲಿ ಈ ಹದ ಕಾಣಿಸುವುದಿಲ್ಲ. ಯಾರೂ ನೀರೆರೆಯದೆ ಮಳೆಯೊಂದನ್ನೇ ನಂಬಿದ ಹುಲ್ಲುಗಾವಲಿನ ಬಾಳಾದರೋ ಈ ಹದವನ್ನೇ ಅವಲಂಬಿಸಿದೆ. ಇದನ್ನು ಪ್ರಯೋಗದಿಂದ ಅಳೆದು ನೋಡಿದ ಸಂಗತಿಯನ್ನು ಇಲ್ಲಿ ವಿವರಿಸಬಯಸುತ್ತೇನೆ.

ಅಮೆರಿಕದ ಕ್ಯಾನ್ಸಸ್ ಸಂಸ್ಥಾನದಲ್ಲಿ ಕೊಂಜಾ ಪ್ರೇರಿ ಎಂಬ ಎತ್ತರದ ಹುಲ್ಲಿನ ಬಯಲಿದೆ. ಸುಣ್ಣಕಲ್ಲಿನ ಮೇಲೆ ತೆಳುವಾದ ಮಣ್ಣು. ನೇಗಿಲು ಹೂಡಲು ಒಗ್ಗದ ನೆಲವಾದ್ದರಿಂದಲೇ ಆ ಹುಲ್ಲು ಉಳಿಯಿತು. ವರ್ಷಕ್ಕೆ ಸುಮಾರು 835 ಮಿಲಿಮೀಟರ್ ಮಳೆ. ಅಲ್ಲಿ 1998ರಿಂದ ವಿಜ್ಞಾನಿಗಳು ಹುಲ್ಲಿನ ತಾಕುಗಳ ಮೇಲೆ ಪಾರದರ್ಶಕವಾದ ಚಾವಣಿ ಹೊದಿಸಿ, ಬಿದ್ದ ಮಳೆಯನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟರು. ಕೆಲವು ತಾಕುಗಳಿಗೆ ಆ ನೀರನ್ನು ಮಳೆ ಬಂದಬಂದಂತೆಯೇ ಚಿಮುಕಿಸಿದರು. ಇನ್ನು ಕೆಲವಕ್ಕೆ, ಎರಡು ಮಳೆಗಳ ನಡುವಣ ಒಣದಿನಗಳನ್ನು ಒಂದೂವರೆ ಪಟ್ಟು ಹಿಗ್ಗಿಸಿ, ಕೂಡಿಟ್ಟ ನೀರನ್ನು ಒಮ್ಮೆಗೇ ಎರೆದರು. ಒಟ್ಟು ನೀರು ಎರಡಕ್ಕೂ ಒಂದೇ. ಬೇರೆಯಾದದ್ದು ಹಂಚಿಕೆ ಮಾತ್ರ.

ನಾಲ್ಕು ವರ್ಷಗಳ ಫಲಿತಾಂಶವನ್ನು ಅಲನ್ ನ್ಯಾಪ್ ಮತ್ತು ಅವರ ಸಂಗಡಿಗರು 2002ರಲ್ಲಿ ಪ್ರಕಟಿಸಿದರು. ಅಪರೂಪಕ್ಕೊಮ್ಮೆ ಹೇರಳವಾಗಿ ನೀರು ಪಡೆದ ತಾಕುಗಳಲ್ಲಿ ಸಸ್ಯಜಾತಿಗಳ ವೈವಿಧ್ಯ ಹೆಚ್ಚಿತ್ತಾದರೂ ಹುಲ್ಲಿನ ಬೆಳವಣಿಗೆ ಕುಂದಿತ್ತು. ಬೇರುಗಳ ಮತ್ತು ಸೂಕ್ಷ್ಮಜೀವಿಗಳ ಉಸಿರಾಟವೂ ಇಳಿದಿತ್ತು. ಬೇರುಗಳ ಬಹುಪಾಲು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ದೀರ್ಘವಾದ ಬಿಡುವಿನಲ್ಲಿ ಆ ಪದರ ಮತ್ತೆಮತ್ತೆ ಒಣಗುತ್ತದೆ. ಆಗ ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರಿನ ವ್ಯಯದೊಡನೆ ಆಹಾರದ ತಯಾರಿಕೆಯೂ ತಗ್ಗುತ್ತದೆ. ಬಳಿಕ ಒಮ್ಮೆಗೇ ಬಂದ ನೀರಿನಲ್ಲಿ ಒಂದು ಭಾಗ ಈ ಬೇರುಗಳಿಗೆ ಎಟುಕದ ಆಳಕ್ಕೆ ಇಳಿದುಹೋಗಬಹುದು.

ಹಾಗಾದರೆ ಆಗಾಗ ಬರುವ ಸಣ್ಣ ಮಳೆಯೇ ಎಲ್ಲೆಡೆಯೂ ಲೇಸೇ? ಹಾಗೂ ಅಲ್ಲ. ಕೊಂಜಾದ ಅರ್ಧಕ್ಕಿಂತಲೂ ಕಡಮೆ ಮಳೆ ಬೀಳುವ ಕೊಲರಾಡೋದ ಗಿಡ್ಡಹುಲ್ಲಿನ ಬಯಲಿನಲ್ಲಿ ಇಂಥದೇ ಪ್ರಯೋಗ ನಡೆಯಿತು. 2008ರಲ್ಲಿ ಪ್ರಕಟವಾದ ಅದರ ಫಲ ತಿರುವುಮುರುವು: ವಿರಳವಾದ ದೊಡ್ಡ ಮಳೆಯೇ ಅಲ್ಲಿ ಹುಲ್ಲನ್ನು ಹೆಚ್ಚು ಬೆಳೆಸಿತ್ತು. ಒಣನಾಡಿನಲ್ಲಿ ತುಂತುರಿನ ಬಹುಪಾಲು ಮೇಲ್ಪದರವನ್ನಷ್ಟೇ ತೋಯಿಸಿ ಆವಿಯಾಗುತ್ತದೆ. ದೊಡ್ಡ ಮಳೆಯೋ ಬಿಸಿಲಿಗೆ ಸಿಗದಷ್ಟು ಒಳಗಿಳಿದು ಬಹುದಿನ ಬೇರಿಗೆ ಒದಗುತ್ತದೆ. ಒಂದು ನೆಲದ ಹದ ಇನ್ನೊಂದು ನೆಲದ ಹದವಲ್ಲ.

ಇದು ದೂರದೇಶದ ಕುತೂಹಲವಷ್ಟೇ ಅಲ್ಲ. ಮಧ್ಯಭಾರತದಲ್ಲಿ 1951ರಿಂದ 2000ದವರೆಗೆ ಮುಂಗಾರಿನ ಒಟ್ಟು ಮಳೆ ಗಣನೀಯವಾಗಿ ಬದಲಾಗದಿದ್ದರೂ ಭಾರಿ ಮಳೆಗಳು ಹೆಚ್ಚಿ, ಸಾಧಾರಣ ಮಳೆಗಳು ಕಡಮೆಯಾದುವೆಂದು ಬಿ. ಎನ್. ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ನಮ್ಮ ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಗಳ ಅಮೃತಮಹಲ್ ಕಾವಲುಗಳೂ ಮುಂಗಾರನ್ನೇ ನಂಬಿವೆ. ತೆಳುವಾದ ಕೆಮ್ಮಣ್ಣಿಗೂ ಆಳವಾದ ಎರೆಮಣ್ಣಿಗೂ ಒಂದೇ ಮಳೆ ಒಂದೇ ಹದವನ್ನು ಕೊಡದು. ಹೊಲದ ಬೆಳೆ ಬಾಡಿದರೆ ಊರೆಲ್ಲ ಮಾತಾಡುತ್ತದೆ. ಕಾವಲಿನ ಹುಲ್ಲು ಕುಂದಿದರೆ ಮೊದಲು ತಿಳಿಯುವುದು ಮೇಯುವ ದನಕ್ಕೆ, ಕೃಷ್ಣಮೃಗಕ್ಕೆ.

ಆದುದರಿಂದ ‘ಈ ವರ್ಷ ವಾಡಿಕೆಯ ಮಳೆಯಾಯಿತು’ ಎಂಬ ವರದಿಯನ್ನು ಓದಿ ನೆಮ್ಮದಿ ತಾಳುವ ಮುನ್ನ ನಾವು ಕೇಳಬೇಕಾದುದು ಮೂರು: ಎಷ್ಟು ಸಲ ಬಂದಿತು, ಎಷ್ಟು ದಿನ ಬಿಟ್ಟು ಬಂದಿತು, ಎಂಥ ನೆಲದ ಮೇಲೆ ಬಿದ್ದಿತು. ಅಂಕಿಯ ಪಕ್ಕದಲ್ಲಿ ಈ ಮೂರು ಉತ್ತರಗಳನ್ನೂ ಬರೆದಿಡುವ ಪದ್ಧತಿ ಬೆಳೆದರೆ, ಕಾವಲುಗಳ ಕ್ಷೇಮ ನಮಗೆ ಸಕಾಲದಲ್ಲಿ ತಿಳಿದೀತು.