ಕಲ್ಯಾಣದ ಓಲೆಗರಿಗಳು ಎಲ್ಲಿಗೆ ಹೋದವು?

ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಪ್ರವಾಸ ಹೋದವರು ಸಾಮಾನ್ಯವಾಗಿ ಕೋಟೆ, ಬಸವಣ್ಣನವರ ಗವಿ, ಅನುಭವ ಮಂಟಪಗಳನ್ನು ನೋಡಿ ಹಿಂತಿರುಗುತ್ತಾರೆ. ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಜೈನ ವಿಗ್ರಹಗಳೂ ಇವೆ. ಆದರೆ 12ನೇ ಶತಮಾನದಲ್ಲಿ ಇದೇ ಊರಿನಲ್ಲಿ ಹುಟ್ಟಿದ ವಚನಗಳ ಮೂಲ ಓಲೆಗಳು ಎಲ್ಲಿವೆ ಎಂದು ಕೇಳಿದರೆ ತೋರಿಸಲು ಏನೂ ಇಲ್ಲ. ಬಸವಣ್ಣನವರಾಗಲಿ, ಅಕ್ಕಮಹಾದೇವಿಯಾಗಲಿ ತಮ್ಮ ಕೈಯಾರೆ ಬರೆದ ಒಂದು ಗರಿಯೂ ಈವರೆಗೆ ಸಿಕ್ಕಿಲ್ಲ. ಆದರೂ ವಚನಗಳು ಇಂದು ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿವೆ. ಅವು ಹೇಗೆ ಉಳಿದವು ಎಂಬುದನ್ನು ತಿಳಿದುಕೊಳ್ಳುವುದು ನಮ್ಮ ಧರ್ಮಕೇಂದ್ರಗಳ ಕಪಾಟಿನಲ್ಲಿರುವ ಹಳೆಯ ಪುಸ್ತಕಗಳ ದೃಷ್ಟಿಯಿಂದಲೂ ಉಪಯುಕ್ತ.

ಕಲ್ಲಿನ ಬರಹ, ಗರಿಯ ಬರಹ

ಕಲ್ಯಾಣಕ್ಕೆ ಹೋಗುವವರು ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮಕ್ಕೂ ಹೋಗಬೇಕು. ಅಲ್ಲಿ ಚಾಲುಕ್ಯರ ಕಾಲದ ಶಿವಾಲಯವಿದೆ. ಅದರ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಶಾಸನ ಬರೆಯುತ್ತಿದ್ದಾಳೆ. ಚಾಲುಕ್ಯ ದೊರೆ ವಿಕ್ರಮಾದಿತ್ಯನನ್ನು ಹೊಗಳುವ ಆ ಸಂಸ್ಕೃತ ಸಾಲುಗಳು ಇಂದಿಗೂ ಅವಳೆದುರಿಗೇ ಇವೆ.

ಕಲ್ಲು ಇದ್ದಲ್ಲೇ ಉಳಿಯಿತು. ಓಲೆಗರಿಯ ಸ್ವಭಾವ ಬೇರೆ. ಶ್ರೀತಾಳೆ ಅಥವಾ ತಾಳೆಯ ಗರಿಗಳನ್ನು ಹದಮಾಡಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ಕಂಟದಿಂದ ಅಕ್ಷರ ಕೊರೆಯುತ್ತಿದ್ದರು. ಮೇಲೆ ಮಸಿ ಸವರಿ ಒರೆಸಿದರೆ ಅಕ್ಷರ ಕಪ್ಪಾಗಿ ಕಾಣುತ್ತಿತ್ತು. ಗರಿಗಳ ತೂತಿಗೆ ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಇಟ್ಟು ಕಟ್ಟುತ್ತಿದ್ದರು. ಇಂಥ ಕಟ್ಟಿಗೆ ತೇವ, ಹುಳು, ಬೆಂಕಿ ಮೂರೂ ಶತ್ರುಗಳು. ಹಳೆಯ ಗರಿ ಮುರಿಯುವ ಮೊದಲು ಯಾರಾದರೂ ಹೊಸ ಗರಿಯ ಮೇಲೆ ಪ್ರತಿ ಮಾಡಿದರೆ ಮಾತ್ರ ಗ್ರಂಥ ಮುಂದಿನ ತಲೆಮಾರಿಗೆ ಸಿಗುತ್ತಿತ್ತು.

ದೂರದಲ್ಲಿ ಸಿಕ್ಕಿದ ಗ್ರಂಥ

ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣಕ್ಕೆ ಕಾಶ್ಮೀರದಿಂದ ಬಿಲ್ಹಣನೆಂಬ ಕವಿ ಬಂದು ‘ವಿಕ್ರಮಾಂಕದೇವಚರಿತ’ ಬರೆದನು. ಕಲ್ಯಾಣದ ದೊರೆಯ ಚರಿತ್ರೆಯೇ ಆದ ಈ ಕಾವ್ಯದ ಓಲೆಪ್ರತಿ ಸಿಕ್ಕಿದ್ದು ರಾಜಸ್ಥಾನದ ಮರುಭೂಮಿಯ ಜೈಸಲ್ಮೇರಿನ ಜೈನ ಭಂಡಾರದಲ್ಲಿ. 1874ರಲ್ಲಿ ಜರ್ಮನ್ ವಿದ್ವಾಂಸ ಬ್ಯೂಲರ್ ಅದನ್ನು ಗುರುತಿಸಿ, ಪ್ರತಿ ಮಾಡಿಕೊಂಡು, 1875ರಲ್ಲಿ ಮುಂಬಯಿಯಲ್ಲಿ ಅಚ್ಚು ಹಾಕಿಸಿದರು. ಅದೇ ಕಾಲದ ವಿಜ್ಞಾನೇಶ್ವರನ ‘ಮಿತಾಕ್ಷರ’ ದೇಶದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ವಿಭಾಗಕ್ಕೆ ಆಧಾರವಾಯಿತು. ಅನೇಕ ಪ್ರಾಂತಗಳಲ್ಲಿ ಪ್ರತಿಗಳಿದ್ದುದರಿಂದ ಅದಕ್ಕೆ ಅಳಿವಿನ ಭಯ ಬರಲಿಲ್ಲ.

ವಚನಗಳು ಉಳಿದ ಬಗೆ

ವಚನಗಳ ಸ್ಥಿತಿ ಹೆಚ್ಚು ಕಷ್ಟದ್ದಾಗಿತ್ತು. 1167ರ ಸುಮಾರಿಗೆ ಬಿಜ್ಜಳನ ಕಲ್ಯಾಣದಲ್ಲಿ ಕ್ಷೋಭೆಯಾಗಿ ಶರಣರು ಚದುರಿದರು. ಚೆನ್ನಬಸವಣ್ಣ ಮತ್ತು ಸಂಗಡಿಗರು ವಚನದ ಕಟ್ಟುಗಳೊಂದಿಗೆ ಉತ್ತರ ಕನ್ನಡದ ಉಳವಿಗೆ ಹೋದರೆಂದು ಪರಂಪರೆ ಹೇಳುತ್ತದೆ. 15ನೇ ಶತಮಾನದಲ್ಲಿ ವಿಜಯನಗರದ ಅರಸರ ಕಾಲಕ್ಕೆ ವಚನಗಳನ್ನು ಸಂಕಲಿಸುವ, ಪ್ರತಿ ಮಾಡುವ ಕೆಲಸ ದೊಡ್ಡದಾಗಿ ನಡೆಯಿತು. ಆಮೇಲೆ ಮಠಗಳಲ್ಲಿ, ಸಾಮಾನ್ಯರ ಮನೆಗಳ ಪೂಜೆಯ ಜಗುಲಿಗಳಲ್ಲಿ ಕಟ್ಟುಗಳು ಉಳಿದವು. ಅನೇಕ ಕಡೆ ಪೂಜೆ ನಡೆಯಿತು, ಓದು ನಿಂತಿತು.

ಅವನ್ನು ಬಿಚ್ಚಿ ಓದಿದವರಲ್ಲಿ ಪ್ರಮುಖರು ವಿಜಾಪುರದ ವಕೀಲ ಫ.ಗು. ಹಳಕಟ್ಟಿ (1880–1964). ಅವರು ಮನೆಮನೆ ಸುತ್ತಿ ಕಟ್ಟುಗಳನ್ನು ಕೂಡಿಸಿ, ಪ್ರತಿಗಳನ್ನು ಹೋಲಿಸಿ ‘ವಚನಶಾಸ್ತ್ರಸಾರ’ವನ್ನು ಸಿದ್ಧಪಡಿಸಿದರು. ಅಚ್ಚಿಗೆಂದು ಅದನ್ನು ಮೊದಲು ಕಳುಹಿಸಿದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ. ಅಲ್ಲಿಂದ ಅದು ಅಚ್ಚಾಗದೆ ಹಿಂತಿರುಗಿತು. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಬಳಿಕ ಅವರು ವಿಜಾಪುರದಲ್ಲಿ ‘ಹಿತಚಿಂತಕ’ ಎಂಬ ತಮ್ಮದೇ ಮುದ್ರಣಾಲಯ ತೆರೆದು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು.

ಐಸ್‌ಲ್ಯಾಂಡಿನ ಚರ್ಮದ ಹಾಳೆಗಳು

ಯುರೋಪಿನ ಐಸ್‌ಲ್ಯಾಂಡ್ ದ್ವೀಪದಲ್ಲಿಯೂ ಇಂಥದೇ ನಡೆಯಿತು. ಅಲ್ಲಿಯ ಜನ ಮಧ್ಯಯುಗದಲ್ಲಿ ತಮ್ಮ ಪುರಾಣ, ವೀರಗಾಥೆಗಳನ್ನು ಕರುವಿನ ಚರ್ಮದ ಮೇಲೆ ಬರೆದಿಟ್ಟರು. ಅವರ ಒಂದು ದೊಡ್ಡ ಗ್ರಂಥಕ್ಕೆ ನೂರಕ್ಕೂ ಹೆಚ್ಚು ಕರುಗಳ ಚರ್ಮ ಬೇಕಾಯಿತು. ಕಾಲಕ್ರಮದಲ್ಲಿ ಹಳೆಯ ಹಾಳೆಗಳು ಬಟ್ಟೆ ಕತ್ತರಿಸುವ ಅಳತೆಗೆ ಬಳಕೆಯಾದವು. ಒಂದು ಕಥಾಗ್ರಂಥದ ಹಾಳೆಗಳನ್ನಂತೂ ಬಿಷಪರ ಕಿರೀಟ ಬಾಗದೆ ನಿಲ್ಲಲೆಂದು ಒಳಗೆ ಸೇರಿಸಿ ಹೊಲಿದಿದ್ದರು. ಆರ್ನಿ ಮಾಗ್ನುಸ್ಸೋನ್ (1663–1730) ಎಂಬ ವಿದ್ವಾಂಸರು ಇಂಥ ತುಂಡುಗಳನ್ನೂ ಬಿಡದೆ ಕೂಡಿಸಿ ಕೋಪನ್‌ಹೇಗನ್‌ಗೆ ಒಯ್ದರು. 1728ರಲ್ಲಿ ಆ ನಗರಕ್ಕೆ ಬೆಂಕಿ ಬಿದ್ದು ಅವರ ಸಂಗ್ರಹದ ಒಂದು ಭಾಗ ಸುಟ್ಟಿತು. ಉಳಿದುದರಲ್ಲಿ ಐಸ್‌ಲ್ಯಾಂಡಿಗೆ ಸೇರಬೇಕಾದ ಹಸ್ತಪ್ರತಿಗಳನ್ನು ಡೆನ್ಮಾರ್ಕ್ 1971ರಿಂದ 1997ರವರೆಗೆ ಹಿಂತಿರುಗಿಸಿತು. ಮೊದಲ ಎರಡು ಗ್ರಂಥಗಳನ್ನು ಹೊತ್ತ ಹಡಗು ಬಂದಾಗ ಸ್ವಾಗತಿಸಲು ಬಂದರಿನಲ್ಲಿ ಜನಸಾಗರವೇ ಸೇರಿತ್ತು.

ನಮ್ಮ ಕಪಾಟುಗಳು

ಈ ಎಲ್ಲ ಉದಾಹರಣೆಗಳಿಂದ ತಿಳಿಯುವುದು ಒಂದೇ: ಒಂದೇ ಕಡೆ ಒಂದೇ ಪ್ರತಿ ಇದ್ದರೆ ಅದು ಸುರಕ್ಷಿತವಲ್ಲ. ಧವಲಾ ಎಂಬ ಜೈನ ಗ್ರಂಥದ ಪ್ರಾಚೀನ ಓಲೆಪ್ರತಿಗಳು ಉಳಿದದ್ದು ನಮ್ಮ ಮೂಡುಬಿದಿರೆಯಲ್ಲಿ. ಅಲ್ಲಿ ಜೋಪಾನ ಮಾಡಿರದಿದ್ದರೆ 1939ರಿಂದ ಅದು ಅಚ್ಚಾಗುತ್ತಿರಲಿಲ್ಲ.

ನಮ್ಮ ಜನರಿಗೂ ಈ ನಷ್ಟದ ಅನುಭವವಿದೆ. 1784ರ ಸೆರೆಯ ಕಾಲದಲ್ಲಿ ಕರಾವಳಿಯ ಇಗರ್ಜಿಗಳು ನೆಲಸಮವಾದವು. ಅದಕ್ಕೂ ಹಿಂದಿನ ತಮ್ಮ ಹಿರಿಯರ ಹೆಸರು ಹುಡುಕಲು ಹೊರಟ ಕುಟುಂಬಗಳಿಗೆ ಆ ಕಷ್ಟ ಗೊತ್ತು. ಅನಂತರ ಬರೆದ ದೀಕ್ಷಾಸ್ನಾನ, ವಿವಾಹ, ಮರಣದ ದಾಖಲೆ ಪುಸ್ತಕಗಳು ಇಂದು ನಮ್ಮ ಕೈಯಲ್ಲಿವೆ. ಹಳೆಯ ದಾಖಲೆಗಳನ್ನು ಜೋಪಾನವಾಗಿ ಇಡಬೇಕೆಂದು ಧರ್ಮಸಭೆಯ 1983ರ ಕಾನೂನು ಸಂಹಿತೆಯ 535ನೇ ನಿಯಮವೂ ಹೇಳುತ್ತದೆ.

ಧರ್ಮಗುರುಗಳ ಅನುಮತಿಯೊಂದಿಗೆ ಪಾಲನಾ ಮಂಡಳಿಯವರು ಮಾಡಬಹುದಾದ ಕೆಲಸಗಳು ಹಲವು. ಪುಸ್ತಕಗಳನ್ನು ಗೋಡೆಗೆ, ನೆಲಕ್ಕೆ ತಾಗದಂತೆ ಇಡಬೇಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ಒಳಗೇ ಬೂಷ್ಟು ಬರುತ್ತದೆ. ಹರಿದ ಹಾಳೆಗೆ ಸೆಲೋಟೇಪ್ ಹಚ್ಚಬಾರದು, ಅದರ ಅಂಟು ಕಾಗದವನ್ನು ಹಾಳುಮಾಡುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು. ತುಕ್ಕು ಹಿಡಿಯುವ ಪಿನ್ನುಗಳನ್ನು ತೆಗೆಯಬೇಕು. ಪುಟಗಳನ್ನು ಕ್ರಮವಾಗಿ ಸ್ಕ್ಯಾನ್ ಮಾಡಿಸಿ, ಪುಸ್ತಕದ ಹೆಸರು ಮತ್ತು ವರ್ಷ ನಮೂದಿಸಿ, ಒಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿ ಇಡಬೇಕು. ಇವು ಕುಟುಂಬಗಳ ಖಾಸಗಿ ವಿವರಗಳಾದ್ದರಿಂದ ಮೊಬೈಲ್‌ಗಳಲ್ಲಿ ಹಂಚಬಾರದು.

ಮನೆಗಳಲ್ಲಿಯೂ ಅಜ್ಜ-ಅಜ್ಜಿಯರ ಕೈಬರಹದ ಕೊಂಕಣಿ ಪ್ರಾರ್ಥನೆಯ ಪುಸ್ತಕಗಳಿರಬಹುದು. ಮನೆ ಕೆಡವಿ ಕಟ್ಟುವಾಗ ಹಳೆಯ ಪೆಟ್ಟಿಗೆಗಳನ್ನು ಗುಜರಿಗೆ ಕೊಡುವ ಮೊದಲು ಒಮ್ಮೆ ತೆರೆದು ನೋಡೋಣ. ಓದಲು ಬಾರದ ಲಿಪಿಯಾಗಿದ್ದರೆ ಬಲ್ಲವರಿಗೆ ತೋರಿಸೋಣ.