ಡಬ್ಬಿಯೊಳಗಿನ ತೆಂಗು

ಮಾಗಿಯ ಬೆಳಗ್ಗೆ ಗುಬ್ಬಿ, ಕುಣಿಗಲ್ ಕಡೆಯ ಯಾವುದೇ ತೋಟದ ಮನೆಯಲ್ಲಿ ಕೊಬ್ಬರಿ ಎಣ್ಣೆಯ ಸೀಸೆ ಬಗ್ಗಿಸಿ ನೋಡಿ, ಹನಿ ಬೀಳುವುದಿಲ್ಲ. ಸುಮಾರು 24 ಡಿಗ್ರಿಗಿಂತ ಚಳಿಯಾದರೆ ಅದು ಹೆಪ್ಪುಗಟ್ಟುತ್ತದೆ. ಬಚ್ಚಲೊಲೆಯ ಪಕ್ಕ ಇಟ್ಟು ಕರಗಿಸಿಕೊಳ್ಳಬೇಕು. ಮೈ ಒಡೆಯುವುದೂ ಇದೇ ಕಾಲದಲ್ಲಿ!

ಕ್ರೀಮು ತಯಾರಿಸುವವರು ಈ ತಾಪತ್ರಯಕ್ಕೆ ಒಳ್ಳೆಯ ಉಪಾಯ ಹುಡುಕಿದ್ದಾರೆ. ಕೊಬ್ಬರಿ ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಲಾರಿಕ್ ಆಮ್ಲ. ಅದರದು 12 ಇಂಗಾಲದ ಸರಪಳಿ. 8 ಮತ್ತು 10 ಇಂಗಾಲದ ಗಿಡ್ಡ ಸರಪಳಿಗಳೂ ಸ್ವಲ್ಪ ಇರುತ್ತವೆ. ಈ ಗಿಡ್ಡವನ್ನಷ್ಟೇ ಬೇರ್ಪಡಿಸಿ ಮತ್ತೆ ಗ್ಲಿಸರಿನ್‌ಗೆ ಜೋಡಿಸಿದರೆ ನಮ್ಮ ಚಳಿಗೆ ಗಟ್ಟಿಯಾಗದ, ಬೇಗ ಕೌಟು ಹಿಡಿಯದ ತೆಳು ಎಣ್ಣೆ ಸಿಗುತ್ತದೆ. ತುಮಕೂರಿನ ಯಾವುದಾದರೂ ಔಷಧಿ ಅಂಗಡಿಯಲ್ಲಿ ಕ್ರೀಮಿನ ಡಬ್ಬಿ ತಿರುಗಿಸಿ ಓದಿ. ‘ಕ್ಯಾಪ್ರಿಲಿಕ್/ಕ್ಯಾಪ್ರಿಕ್ ಟ್ರೈಗ್ಲಿಸರೈಡ್’ ಎಂದಿದ್ದರೆ ಅದು ಇದೇ. ಮೂಲ ತೆಂಗು, ಇಲ್ಲವೇ ತಾಳೆಬೀಜ.

ಇಂಥವಕ್ಕೆ ಎಮೋಲಿಯಂಟ್ ಎಂದು ಹೆಸರು. ಚರ್ಮದ ಹೊರಪದರದಲ್ಲಿ ಸತ್ತ ಜೀವಕೋಶಗಳು ನಾಡಹೆಂಚಿನ ಸೂರಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಸಂದುಗಳಲ್ಲಿ ಸೆರಮೈಡ್, ಕೊಲೆಸ್ಟೆರಾಲ್, ಕೊಬ್ಬಿನಾಮ್ಲಗಳ ಜಿಡ್ಡು. ಸೋಪು, ಸುಡುನೀರು, ಒಣಗಾಳಿಗೆ ಆ ಜಿಡ್ಡು ಹೋದರೆ ಅಂಚುಗಳು ಮೇಲೇಳುತ್ತವೆ. ಮುಟ್ಟಿದರೆ ತರಿತರಿ, ಉಗುರಲ್ಲಿ ಗೀಚಿದರೆ ಬಿಳಿ ಗೆರೆ. ಎಮೋಲಿಯಂಟ್ ಸಂದು ತುಂಬಿ ಅಂಚನ್ನು ಕೂರಿಸುತ್ತದೆ. ಆದರೆ ನೀರನ್ನು ಅದು ತಂದುಕೊಡುವುದಿಲ್ಲ. ನೀರು ಹಿಡಿಯುವುದು ಗ್ಲಿಸರಿನ್ನಿನ ಕೆಲಸ, ಆರದಂತೆ ಮುಚ್ಚುವುದು ಪೆಟ್ರೋಲಿಯಂ ಜೆಲ್ಲಿಯದು. ಕೊಬ್ಬರಿ ಎಣ್ಣೆ ಮುಚ್ಚುವ ಕೆಲಸವನ್ನೂ ತಕ್ಕಮಟ್ಟಿಗೆ ಮಾಡುತ್ತದೆ: 2004ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸಿನ ಪರೀಕ್ಷೆಯೊಂದರಲ್ಲಿ, ಒಣಚರ್ಮದ 34 ಮಂದಿಯ ಮೇಲೆ, ಅದು ಮಿನರಲ್ ಆಯಿಲ್‌ಗೆ ಸಮನಾಗಿ ನಿಂತಿತು.

ಜಿಡ್ಡನ್ನು ಜಿಡ್ಡೇ ಬಿಡಿಸುತ್ತದೆ ಎಂಬುದನ್ನು 1884ರಲ್ಲಿ ನಾಟಕ ಕಂಪನಿ ಕಟ್ಟಿದ ಗುಬ್ಬಿಗೆ ಯಾರೂ ಹೇಳಿಕೊಡಬೇಕಿಲ್ಲ. ಮುಖಕ್ಕೆ ಬಳಿದ ಬಣ್ಣ ಬರೀ ನೀರಿಗೆ ಜಗ್ಗುವುದಿಲ್ಲ, ಕೊಬ್ಬರಿ ಎಣ್ಣೆ ತಿಕ್ಕಿ ಬಟ್ಟೆಯಲ್ಲಿ ಒರೆಸಬೇಕು. ಈಗ ದುಬಾರಿಗೆ ಮಾರುವ ಕ್ಲೆನ್ಸಿಂಗ್ ಬಾಮ್ ಮಾಡುವುದೂ ಇಷ್ಟೇ.

ಹಾಗೆಂದು ಮೊಡವೆಯ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಕಟ್ಟಿಕೊಳ್ಳಬಹುದು. ನಮ್ಮ ಎಣ್ಣೆಸ್ನಾನದ ಬಗ್ಗೆಯೂ ನನ್ನದೊಂದು ತಕರಾರು: ಹಚ್ಚಿದ್ದನ್ನೆಲ್ಲ ಸೀಗೆಪುಡಿ ಹಾಕಿ ಉಜ್ಜಿಬಿಟ್ಟರೆ ಚರ್ಮಕ್ಕೆ ಉಳಿಯುವುದೆಷ್ಟು? ಮೈ ಒರೆಸಿಕೊಂಡ ಮೇಲೆ, ಪಸೆ ಆರುವ ಮೊದಲೇ, ಅಂಗೈಯಲ್ಲಿ ನಾಲ್ಕು ಹನಿ ಹಾಕಿಕೊಂಡು ಸವರಿ. ಹಿಮ್ಮಡಿ ಒಡೆದವರು ಅದರ ಮೇಲೊಂದು ಪದರ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಕಾಲುಚೀಲ ಹಾಕಿ ಮಲಗಿದರೆ ಇನ್ನೂ ಲೇಸು.